ಅಳತೆ ತಿದ್ದಿದಾಗ ಉಳಿಯುವ ಆಕೃತಿ

ಕಾಗದದ ಮೇಲಿನ ಯಂತ್ರಭಾಗದ ನಕ್ಷೆಯಲ್ಲಿ 80 ಮಿಲಿಮೀಟರ್ ಎಂದಿರುವುದನ್ನು 100 ಎಂದು ತಿದ್ದಿದರೆ ಗೆರೆ ಬೆಳೆಯುವುದಿಲ್ಲ. ಅಳಿಸಿ ಮತ್ತೆ ಎಳೆಯಬೇಕು. ಪ್ಯಾರಾಮೆಟ್ರಿಕ್ ಸಾಲಿಡ್ ಮಾಡೆಲಿಂಗ್ ತಂತ್ರಾಂಶದಲ್ಲಿ ಅಂಕಿಯೇ ಗೆರೆಯನ್ನು ಆಳುತ್ತದೆ. 80 ಅನ್ನು 100 ಮಾಡಿದ ಕೂಡಲೇ ಘನಾಕೃತಿ, ಅದರ ತೂಕ, ಅದರಿಂದ ತೆಗೆದ ನಕ್ಷೆ ಎಲ್ಲವೂ ಹೊಸ ಅಳತೆಗೆ ಹೊಂದಿಕೊಳ್ಳುತ್ತವೆ. ಗಣಿತದ ಪುಸ್ತಕಗಳು ಪ್ರಾಚಲ ಎಂದು ಕರೆಯುವ ಪ್ಯಾರಾಮೀಟರ್ ಎಂದರೆ ಹೀಗೆ ತಿದ್ದಬಲ್ಲ ಈ ಅಂಕಿಯೇ. ಈ ತಂತ್ರಾಂಶಗಳು ಕಡತದಲ್ಲಿ ಉಳಿಸುವುದು ಮುಖ್ಯವಾಗಿ ಆಕೃತಿಯನ್ನು ಕಟ್ಟುವ ವಿಧಾನವನ್ನು: ಯಾವ ಅಳತೆ, ಯಾವ ಸಂಬಂಧ, ಯಾವ ಕ್ರಮ. ಪಠ್ಯಪುಸ್ತಕ ಹಿಡಿದು ಕಲಿಯುವವರು ಎಡವುವುದೂ ಇಲ್ಲಿಯೇ. ಪುಸ್ತಕದ ಚಿತ್ರ ಮುಗಿದ ಆಕೃತಿಯನ್ನು ತೋರಿಸುತ್ತದೆ; ಕಲಿಯಬೇಕಾದದ್ದು ಅದನ್ನು ಕಟ್ಟಿದ ಕ್ರಮವನ್ನು ಮತ್ತು ಆ ಕ್ರಮಕ್ಕಿರುವ ಕಾರಣವನ್ನು.

ವಿಚಾರ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ರೂಪಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ, ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು ‘ಇವೆರಡೂ ಸಮಾಂತರವಾಗಿರಲಿ’ ಎಂದು ಕಂಪ್ಯೂಟರಿಗೆ ಹೇಳಬಹುದಿತ್ತು. 1970ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಇಯಾನ್ ಬ್ರೇಡ್ ಮತ್ತು ಸಂಗಡಿಗರು ಘನವಸ್ತುವನ್ನು ಅದರ ಮುಖ, ಅಂಚು, ಶೃಂಗಗಳ ಜೋಡಣೆಯಾಗಿ ಕಂಪ್ಯೂಟರಿನಲ್ಲಿ ಹಿಡಿದಿಡುವ ದಾರಿ ಕಂಡುಕೊಂಡರು. ಈ ಎರಡು ಎಳೆಗಳನ್ನು ಒಂದುಗೂಡಿಸಿ ಕಾರ್ಖಾನೆಗೆ ಒಪ್ಪುವಂತೆ ಮಾಡಿದ ಕೀರ್ತಿ, 1985ರಲ್ಲಿ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಾರ್ಪೊರೇಷನ್ ಸ್ಥಾಪಿಸಿದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ ಅವರಿಗೆ ಸಲ್ಲುತ್ತದೆ. ಅವರ ಪ್ರೊ–ಎಂಜಿನಿಯರ್ ತಂತ್ರಾಂಶ ದುಬಾರಿ ವರ್ಕ್‌ಸ್ಟೇಷನ್‌ಗಳ ಸರಕಾಗಿತ್ತು. 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್ ಅದೇ ಬಗೆಯ ಕೆಲಸವನ್ನು ವಿಂಡೋಸ್ ಕಂಪ್ಯೂಟರಿಗೆ ಇಳಿಸಿತು. ಸಾಲಿಡ್ ಎಡ್ಜ್, ಇನ್ವೆಂಟರ್, ಫ್ರೀಕ್ಯಾಡ್ ಇವೆಲ್ಲ ಇದೇ ಮನೆತನದವು.

ಇಷ್ಟೊಂದು ತಂತ್ರಾಂಶಗಳಿದ್ದರೂ ಅವನ್ನು ಕಲಿಸುವ ಕ್ರಮ ಹೆಚ್ಚು ಬದಲಾಗುವುದಿಲ್ಲ. ಅಮೆರಿಕದ ಒರೆಗಾನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರ‍್ಯಾಂಡಿ ಶಿಹ್ ಇನ್ವೆಂಟರ್, ಸಾಲಿಡ್‌ವರ್ಕ್ಸ್, ಕ್ರಿಯೋ ಮುಂತಾದವುಗಳಿಗೆ ಬೇರೆ ಬೇರೆ ಪಠ್ಯಪುಸ್ತಕಗಳನ್ನು ಬರೆದಿದ್ದಾರೆ. ಅವುಗಳ ಅಧ್ಯಾಯಗಳು ಸಾಗುವ ದಾರಿ ಬಹುಮಟ್ಟಿಗೆ ಒಂದೇ: ಮೊದಲು ಸ್ಕೆಚ್ ಮತ್ತು ಅದನ್ನು ಘನವಾಗಿ ಎಳೆಯುವ ಎಕ್ಸ್‌ಟ್ರೂಡ್, ಆಮೇಲೆ ಕೂಡಿಸುವ ಕಳೆಯುವ ಘನಗಣಿತ, ಮಾಡಿದ ಕೆಲಸದ ಇತಿಹಾಸವನ್ನು ತೋರಿಸುವ ಮರ, ನಿರ್ಬಂಧಗಳು, ಒಂದು ಕೆಲಸ ಇನ್ನೊಂದನ್ನು ನೆಚ್ಚಿಕೊಳ್ಳುವ ತಾಯಿ–ಮಗು ಸಂಬಂಧ, ಕೊನೆಗೆ ನಕ್ಷೆ ಮತ್ತು ಜೋಡಣೆ. ಗುಂಡಿಗಳ ಜಾಗ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ, ಈ ಸಾಲು ಬದಲಾಗುವುದಿಲ್ಲ. ಹಳೆಯ ಆವೃತ್ತಿಯ ಪುಸ್ತಕವನ್ನು ಬೀರುವಿಗೆ ಸೇರಿಸುವ ಮುನ್ನ ಇದನ್ನು ನೆನೆಯಬೇಕು.

ಮೊದಲ ಅಧ್ಯಾಯಗಳ ತಿರುಳು ಸ್ಕೆಚ್. ಸಮತಲದ ಮೇಲೆ ಒಂದು ಗೆರೆಗೆ ಎರಡು ತುದಿ, ಪ್ರತಿ ತುದಿಗೆ ಎರಡು ನಿರ್ದೇಶಾಂಕ. ಅಂದರೆ 4 ಸ್ವಾತಂತ್ರ್ಯ. ಬಿಡಿಬಿಡಿಯಾದ ನಾಲ್ಕು ಗೆರೆಗಳಿಗೆ 16. ಅವನ್ನು ನಾಲ್ಕು ಮೂಲೆಗಳಲ್ಲಿ ಕೂಡಿಸಿದಾಗ ಮೂಲೆಗೆ ಎರಡರಂತೆ 8 ಸ್ವಾತಂತ್ರ್ಯಗಳು ಹೋಗುತ್ತವೆ. ಎರಡು ಗೆರೆ ಅಡ್ಡವಾಗಿಯೂ ಎರಡು ಲಂಬವಾಗಿಯೂ ಇರಲಿ ಎಂದಾಗ ಇನ್ನೂ 4 ಹೋಗಿ ಆಯತವೊಂದು ರೂಪುಗೊಳ್ಳುತ್ತದೆ. ಉಳಿದ ನಾಲ್ಕರಲ್ಲಿ ಎರಡನ್ನು ಉದ್ದ ಮತ್ತು ಅಗಲದ ಅಳತೆಗಳು ತೆಗೆದುಕೊಳ್ಳುತ್ತವೆ. ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಫ್ರೀಕ್ಯಾಡ್ ಈ ಸಂಖ್ಯೆಯನ್ನೇ ತೋರಿಸುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆಗಳು ಕಪ್ಪಾಗುತ್ತವೆ. ಸೊನ್ನೆಯಾದ ಮೇಲೂ ಕರ್ಣದ ಉದ್ದವನ್ನು ಕೊಡಹೊರಟರೆ ತಂತ್ರಾಂಶ ತಕರಾರು ತೆಗೆಯುತ್ತದೆ, ಏಕೆಂದರೆ ಆ ಅಳತೆ ಆಗಲೇ ನಿಗದಿಯಾಗಿದೆ.

ಹೊಸಬರ ಸ್ಕೆಚ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ದೋಷವಿರುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ ಗೆರೆಗಳು ಸಡಿಲ. ಮೌಸಿನಿಂದ ಒಂದು ಮೂಲೆಯನ್ನು ಹಿಡಿದೆಳೆದರೆ ಆಯತ ಜಾರುತ್ತದೆ. ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ. 80 ಮಿಲಿಮೀಟರ್ ಉದ್ದದ ತಗಡಿನ ನಡುವೆ ರಂಧ್ರ ಬೇಕೆಂದಾಗ, ಎಡ ಅಂಚಿನಿಂದ 40 ಎಂದು ಅಳತೆ ಕೊಟ್ಟರೆ ಚಿತ್ರ ಪುಸ್ತಕದಂತೆಯೇ ಬರುತ್ತದೆ. ಉದ್ದವನ್ನು 100 ಮಾಡಿದಾಗ ರಂಧ್ರ ಇದ್ದಲ್ಲೇ ಇರುತ್ತದೆ, ನಡು ಮುಂದೆ ಸರಿದಿರುತ್ತದೆ. ಬೇಕಾಗಿದ್ದದ್ದು 40 ಎಂಬ ಅಂಕಿಯಲ್ಲ, ‘ನಡುವೆ’ ಎಂಬ ಸಂಬಂಧ. ವಿನ್ಯಾಸಕಾರರು ಇದನ್ನು ಡಿಸೈನ್ ಇಂಟೆಂಟ್ ಎನ್ನುತ್ತಾರೆ, ಅಂದರೆ ವಿನ್ಯಾಸದ ಹಿಂದಿನ ಉದ್ದೇಶ. ಇದಕ್ಕೆ ಯಾವ ಮೆನುವಿನಲ್ಲೂ ಗುಂಡಿಯಿಲ್ಲ.

ಸ್ಕೆಚ್ ಘನವಾದ ಮೇಲೆ ಕ್ರಮದ ಪ್ರಶ್ನೆ ಬರುತ್ತದೆ. ಪ್ರತಿ ಕೆಲಸವೂ ಇತಿಹಾಸದ ಮರದಲ್ಲಿ ಒಂದರ ಕೆಳಗೊಂದು ದಾಖಲಾಗುತ್ತದೆ, ಅಳತೆ ಬದಲಾದಾಗಲೆಲ್ಲ ತಂತ್ರಾಂಶ ಆ ಪಟ್ಟಿಯನ್ನು ಮೇಲಿನಿಂದ ಮತ್ತೆ ನಡೆಸುತ್ತದೆ. ಮೇಲೆ ತೆರೆದಿರುವ, 2 ಮಿಲಿಮೀಟರ್ ಗೋಡೆಯ ಒಂದು ಡಬ್ಬಿಯನ್ನು ತೆಗೆದುಕೊಳ್ಳೋಣ. ಅದರ ನಾಲ್ಕು ನಿಂತ ಅಂಚುಗಳನ್ನು 5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಾಗಿಸಬೇಕು. ಆ ಕೆಲಸದ ಹೆಸರು ಫಿಲೆಟ್. ಒಳಗನ್ನು ಟೊಳ್ಳು ಮಾಡುವುದು ಶೆಲ್. ಮೊದಲು ಫಿಲೆಟ್, ಆಮೇಲೆ ಶೆಲ್ ಮಾಡಿದರೆ ಒಳಮೂಲೆ 3 ಮಿಲಿಮೀಟರ್ ತ್ರಿಜ್ಯದಲ್ಲಿ ತಾನಾಗಿ ದುಂಡಾಗುತ್ತದೆ, ಗೋಡೆ ಎಲ್ಲೆಡೆ 2 ಮಿಲಿಮೀಟರ್ ಇರುತ್ತದೆ. ಮೊದಲು ಶೆಲ್, ಆಮೇಲೆ ಹೊರ ಅಂಚಿಗೆ ಫಿಲೆಟ್ ಎಂದು ಅದಲುಬದಲಾದರೆ ಒಳಮೂಲೆ ಚೂಪಾಗಿಯೇ ಉಳಿಯುತ್ತದೆ. ಹೊರಮೂಲೆಯಿಂದ ಒಳಮೂಲೆಗೆ ಕರ್ಣದ ದೂರ 2.83 ಮಿಲಿಮೀಟರ್, ಅದರಲ್ಲಿ ಫಿಲೆಟ್ 2.07 ಅನ್ನು ಕೆತ್ತಿ ತೆಗೆಯುತ್ತದೆ. ಮೂಲೆಯಲ್ಲಿ ಉಳಿಯುವ ಗೋಡೆ ಸುಮಾರು 0.76 ಮಿಲಿಮೀಟರ್ ಮಾತ್ರ. ಹೊರಗಿನಿಂದ ನೋಡಿದರೆ ಎರಡು ಡಬ್ಬಿಗಳಿಗೂ ವ್ಯತ್ಯಾಸವೇ ಕಾಣದು. ತ್ರಿಜ್ಯವನ್ನು 7ಕ್ಕೆ ಏರಿಸಿದಾಗ ಮೊದಲ ಡಬ್ಬಿ ಎಂದಿನಂತೆ ಇರುತ್ತದೆ. ಎರಡನೆಯದರಲ್ಲಿ ಫಿಲೆಟ್ ಗೋಡೆಯನ್ನು ದಾಟಿ ಮೂಲೆ ಸೀಳುತ್ತದೆ, ಇಲ್ಲವೇ ತಂತ್ರಾಂಶ ದೋಷ ತೋರಿಸಿ ನಿಂತುಬಿಡುತ್ತದೆ. ಪುಸ್ತಕ ಹೇಳಿದ ಕ್ರಮವನ್ನು ಅವಸರದಲ್ಲಿ ಹಿಂದುಮುಂದು ಮಾಡಿದವರಿಗೆ ಈ ಪಾಠ ತಡವಾಗಿ ತಲುಪುತ್ತದೆ, ಏಕೆಂದರೆ ಅಭ್ಯಾಸದ ಕೊನೆಯ ಚಿತ್ರ ಹೊಂದಿಕೆಯಾಗಿಯೇ ಇರುತ್ತದೆ.

ಅಳತೆಗಳನ್ನು ಸಮೀಕರಣದಿಂದಲೂ ಕಟ್ಟಬಹುದು. ಪೈಪುಗಳನ್ನು ಜೋಡಿಸುವ ಫ್ಲಾಂಜ್ ಒಂದರ ಹೊರವ್ಯಾಸ 110, ಒಳವ್ಯಾಸ 40, ದಪ್ಪ 12 ಮಿಲಿಮೀಟರ್ ಇರಲಿ. 9 ಮಿಲಿಮೀಟರಿನ ಆರು ಬೋಲ್ಟ್ ರಂಧ್ರಗಳು ಕೂರುವ ವೃತ್ತದ ವ್ಯಾಸವನ್ನು ‘ಹೊರವ್ಯಾಸ ಮತ್ತು ಒಳವ್ಯಾಸಗಳ ಸರಾಸರಿ’ ಎಂದು ಬರೆದರೆ ಅದು 75 ಆಗುತ್ತದೆ. ಹೊರವ್ಯಾಸವನ್ನು 130 ಮಾಡಿದಾಗ ವೃತ್ತ 85ಕ್ಕೆ ಹಿಗ್ಗಿ, ಆರೂ ರಂಧ್ರಗಳು ಜೊತೆಯಲ್ಲೇ ಸರಿಯುತ್ತವೆ. ಇಲ್ಲಿ ಕೈಲೆಕ್ಕಕ್ಕೂ ಒಳ್ಳೆಯ ಅವಕಾಶವಿದೆ. 110ರ ಫ್ಲಾಂಜಿನ ಘನಫಲ ಸುಮಾರು 94.4 ಘನ ಸೆಂಟಿಮೀಟರ್. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂದು ಹಿಡಿದರೆ ತೂಕ ಸುಮಾರು 741 ಗ್ರಾಂ. ತಂತ್ರಾಂಶ ಬೇರೆ ತೂಕ ಹೇಳಿದರೆ ರಂಧ್ರ ಆರಪಾರ ಹೋಗಿಲ್ಲವೋ, ವ್ಯಾಸದ ಜಾಗದಲ್ಲಿ ತ್ರಿಜ್ಯ ಬಿದ್ದಿದೆಯೋ ಎಂದು ಹುಡುಕಬೇಕು. ಚಿತ್ರದಲ್ಲಿ ಕಣ್ಣು ತಪ್ಪಿಸಿಕೊಂಡ ದೋಷ ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲ ಒಡಕಿಗೂ ಕಲಿಯುವವರನ್ನೇ ದೂರುವಂತಿಲ್ಲ. ಫಿಲೆಟ್ ಮಾಡಿದಾಗ ತಂತ್ರಾಂಶ ಆ ಅಂಚನ್ನು ಒಂದು ಹೆಸರಿನಿಂದ ನೆನಪಿಡಬೇಕು. ಇತಿಹಾಸದಲ್ಲಿ ಅದಕ್ಕಿಂತ ಹಿಂದೆ ಒಂದು ಹೊಸ ರಂಧ್ರ ಬಂದರೆ ಅಂಚುಗಳ ಎಣಿಕೆಯೇ ಬದಲಾಗಿ, ಏಳನೆಯ ಅಂಚು ಎಂದಿದ್ದದ್ದು ಬೇರಾವುದೋ ಆಗಿಬಿಡಬಹುದು. ಟೊಪಾಲಜಿಕಲ್ ನೇಮಿಂಗ್ ಎಂದು ಕರೆಯುವ ಈ ಸಮಸ್ಯೆ ಫ್ರೀಕ್ಯಾಡ್ ಬಳಸುವವರನ್ನು ವರ್ಷಗಟ್ಟಲೆ ಕಾಡಿತು. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಬಹುಪಾಲು ಹತೋಟಿಗೆ ಬಂತು. ಸ್ಕೆಚ್‌ಗಳನ್ನು ಆದಷ್ಟೂ ಮೂಲ ಸಮತಲಗಳಿಗೆ ಕಟ್ಟಬೇಕು, ಫಿಲೆಟ್‌ನಂಥ ಅಲಂಕಾರದ ಕೆಲಸಗಳನ್ನು ಕೊನೆಗೆ ಇಡಬೇಕು ಎಂದು ಪುಸ್ತಕಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಡಬ್ಬಿಯಲ್ಲಿ ಫಿಲೆಟ್ ಮೊದಲು ಬಂದದ್ದು ಅಲಂಕಾರಕ್ಕಲ್ಲ. ಗೋಡೆಯ ದಪ್ಪ ಅದನ್ನು ನೆಚ್ಚಿಕೊಂಡಿತ್ತು.

ಅಮೆರಿಕದ ಪುಸ್ತಕವನ್ನು ನಮ್ಮಲ್ಲಿ ಬಳಸುವಾಗ ಎರಡು ಎಚ್ಚರಿಕೆಗಳು ಬೇಕು. ಅಲ್ಲಿನ ಹಲವು ಅಭ್ಯಾಸಗಳು ಅಂಗುಲದಲ್ಲಿವೆ. ಮಿಲಿಮೀಟರ್ ಕಡತದಲ್ಲಿ ಬರೀ 2 ಎಂದು ಬೆರಳಚ್ಚಿಸಿದರೆ ಭಾಗ 25.4 ಪಟ್ಟು ಕುಗ್ಗುತ್ತದೆ. ಎರಡನೆಯದು ಪ್ರಕ್ಷೇಪ, ಅಂದರೆ ನಕ್ಷೆಯಲ್ಲಿ ನೋಟಗಳನ್ನು ಜೋಡಿಸುವ ರೀತಿ. ಕರ್ನಾಟಕದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೂಢಿಯಲ್ಲಿರುವುದು ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಹೇಳುವ ಪ್ರಥಮ ಕೋನ ಪ್ರಕ್ಷೇಪ. ಇದರಲ್ಲಿ ಬಲಬದಿಯ ನೋಟ ಎಡಕ್ಕೆ, ಮೇಲಿನ ನೋಟ ಕೆಳಕ್ಕೆ ಬರುತ್ತದೆ. ಅಮೆರಿಕದವರದು ತೃತೀಯ ಕೋನ, ಅಲ್ಲಿ ಬಲದ್ದು ಬಲಕ್ಕೇ. ಇದನ್ನು ಗಮನಿಸದೆ ಓದಿದರೆ ಭಾಗವು ಕನ್ನಡಿಯ ಬಿಂಬದಂತೆ ತಿರುಗಿ ಕೂರಬಹುದು. ನಕ್ಷೆಯ ಶೀರ್ಷಿಕೆ ಚೌಕದಲ್ಲಿ ಮೊಟಕಾದ ಶಂಕುವಿನ ಗುರುತು ಇರುವುದು ಈ ಗೊಂದಲ ತಪ್ಪಿಸಲೆಂದೇ.

ಆದ್ದರಿಂದ ಪುಸ್ತಕದ ಅಭ್ಯಾಸ ಚಿತ್ರಕ್ಕೆ ಹೊಂದಿದಾಗ ಅರ್ಧ ಮುಗಿದಂತೆ. ಉಳಿದರ್ಧಕ್ಕೆ ಒಂದು ಅಳತೆಯನ್ನು ತಿದ್ದಿ, ಏನು ಮುರಿಯಿತು, ಯಾಕೆ ಮುರಿಯಿತು ಎಂದು ಇತಿಹಾಸದ ಮರದಲ್ಲಿ ಹುಡುಕಬೇಕು. ಫ್ರೀಕ್ಯಾಡ್ ಉಚಿತವಾಗಿ ಸಿಗುತ್ತದೆ. ಮೇಲಿನ ಡಬ್ಬಿಯನ್ನು ಅದರಲ್ಲಿ ಎರಡೂ ಕ್ರಮಗಳಲ್ಲಿ ಕಟ್ಟಿ, ತ್ರಿಜ್ಯವನ್ನು 5ರಿಂದ 7ಕ್ಕೆ ಏರಿಸಿ ನೋಡಿ. ಶೆಲ್ ಕೆಲಸಕ್ಕೆ ಅಲ್ಲಿ ಥಿಕ್‌ನೆಸ್ ಎಂಬ ಹೆಸರಿದೆ. ದಪ್ಪ ಒಳಮುಖವಾಗಿರಲಿ ಎಂಬ ಆಯ್ಕೆಯನ್ನು ಗುರುತು ಹಾಕಲು ಮರೆಯಬೇಡಿ.