ಖರೀದಿಯ ಕಾಗದವೂ ಗಣಕಯಂತ್ರದ ಒಪ್ಪಂದವೂ

ಒಂದು ದೊಡ್ಡ ಕಾರ್ಖಾನೆಗೆ ಹತ್ತು ಸಾವಿರ ತಿರುಪುಮೊಳೆಗಳು ಬೇಕಾಗಿವೆ ಎಂದಿಟ್ಟುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ ಖರೀದಿ ವಿಭಾಗದ ಗುಮಾಸ್ತನು ಆರ್ಡರನ್ನು ಬೆರಳಚ್ಚು ಮಾಡಿ ಅಂಚೆಗೆ ಹಾಕುವನು. ಮಾರುವವನ ಗುಮಾಸ್ತನು ಅವೇ ಅಂಕಿಗಳನ್ನು ತನ್ನ ಪುಸ್ತಕದಲ್ಲಿ ಮತ್ತೆ ಬರೆದುಕೊಳ್ಳುವನು. ಸರಕು ಹೊರಡುವಾಗ ಒಮ್ಮೆ, ಬಿಲ್ಲು ಮಾಡುವಾಗ ಇನ್ನೊಮ್ಮೆ ಅದೇ ಬರವಣಿಗೆ. ನಡುವೆ ಒಂದು ಸೊನ್ನೆ ಬಿಟ್ಟುಹೋದರೆ ಬರುವುದು ಸಾವಿರ ಮೊಳೆ ಮಾತ್ರ.

ಈ ತೊಡಕಿನ ನಿವಾರಣೆಗೆಂದು ಹುಟ್ಟಿದುದೇ ವಿದ್ಯುನ್ಮಾನ ದತ್ತಾಂಶ ವಿನಿಮಯ, ಅಂದರೆ ಇ.ಡಿ.ಐ. ಎರಡು ಸಂಸ್ಥೆಗಳ ಗಣಕಯಂತ್ರಗಳು ಮೊದಲೇ ಒಪ್ಪಿಕೊಂಡ ನಮೂನೆಯೊಂದರಲ್ಲಿ ಪತ್ರಗಳನ್ನು ಕಳುಹಿಸಿಕೊಳ್ಳುವುದೇ ಇದರ ತಿರುಳು. ವಸ್ತುವಿನ ಸಂಕೇತ, ಪ್ರಮಾಣ, ದರ ಇವುಗಳ ಸ್ಥಾನ ಗೊತ್ತಾಗಿರುವುದರಿಂದ ಒಮ್ಮೆ ಬರೆದುದನ್ನು ಮತ್ತೆ ಬರೆಯಬೇಕಾಗಿಲ್ಲ. ಅಮೆರಿಕದಲ್ಲಿ 1979ರಲ್ಲಿ ಎಕ್ಸ್12 ಎಂಬ ಸಮಿತಿ ಏರ್ಪಟ್ಟಿತು. ಅದರ ನಮೂನೆಗಳಲ್ಲಿ ಖರೀದಿಯ ಆರ್ಡರಿಗೆ 850, ಬಿಲ್ಲಿಗೆ 810 ಎಂಬ ಸಂಖ್ಯೆಗಳಿವೆ. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ ಪದ್ಧತಿಗೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಇಷ್ಟು ಅನುಕೂಲವಿದ್ದರೂ ವ್ಯಾಪಾರಸ್ಥರೆಲ್ಲರೂ ಇದನ್ನು ಸಮಾನ ಉತ್ಸಾಹದಿಂದ ಸ್ವಾಗತಿಸಲಿಲ್ಲ. ದಿನಕ್ಕೆ ಸಾವಿರಾರು ಆರ್ಡರು ಕಳುಹಿಸುವ ದೊಡ್ಡ ಕಾರ್ಖಾನೆಗಳಿಗೆ ಉಳಿತಾಯ ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಅವು, "ಈ ಪದ್ಧತಿಗೆ ಒಪ್ಪುವವರಿಗೇ ಆರ್ಡರು" ಎಂದು ಷರತ್ತು ಹಾಕಿದುದೂ ಉಂಟು. ಚಿಕ್ಕ ವರ್ಕ್‌ಶಾಪಿನ ಯಜಮಾನನ ಲೆಕ್ಕವೇ ಬೇರೆ. ತಿಂಗಳಿಗೆ ಹತ್ತು ಆರ್ಡರು ಬರುವವನಿಗೂ ಯಂತ್ರದ ವೆಚ್ಚ, ಕಲಿಕೆಯ ವೆಚ್ಚ ತಪ್ಪಿದ್ದಲ್ಲ. ಗಿರಾಕಿಗೊಂದು ಬಗೆಯ ನಮೂನೆಯಾದರೆ ಕಷ್ಟ ಇಮ್ಮಡಿ. ಒತ್ತಾಯಕ್ಕೆ ಮಣಿದ ಕೆಲವರು, ಬಂದ ಸಂದೇಶವನ್ನು ಕಾಗದದ ಮೇಲೆ ಮುದ್ರಿಸಿ, ಕೈಯಿಂದಲೇ ಪುನಃ ಲೆಕ್ಕಕ್ಕೆ ಏರಿಸುತ್ತಿದ್ದರು! ಲಾಭವೆಲ್ಲ ಕೊಳ್ಳುವವನಿಗೆ, ಹೊರೆ ಮಾತ್ರ ಮಾರುವವನಿಗೆ ಎಂಬ ಅವರ ದೂರನ್ನು ಬರಿಯ ಮೊಂಡುತನವೆಂದು ನಾವು ತಳ್ಳಿಹಾಕಲಾಗದು.

ಸಹಿಯಿಲ್ಲದ ಪತ್ರ ನ್ಯಾಯಾಲಯದಲ್ಲಿ ನಿಂತೀತೆ ಎಂಬ ಶಂಕೆಯೂ ಇತ್ತು. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆಯಿತ್ತು ಈ ಶಂಕೆಯನ್ನು ಬಹುಮಟ್ಟಿಗೆ ಕಳೆಯಿತು. ಅಂತರ್ಜಾಲ ಹರಡಿದ ಮೇಲೆ ಸಂದೇಶ ಕಳುಹಿಸುವ ವೆಚ್ಚವೂ ಇಳಿಯಿತು.

ನಾಳೆ ನಿಮ್ಮಲ್ಲಿ ಹಲವರು ಈ ನಗರದ ಕಚೇರಿ, ಕಾರ್ಖಾನೆಗಳನ್ನು ಸೇರುವಿರಿ. ಆಗ ಎರಡು ಸಂಗತಿಗಳು ನೆನಪಿರಲಿ. ಮೂಲದಲ್ಲಿಯೇ ಅಂಕಿ ತಪ್ಪಿದರೆ ಯಂತ್ರವು ಆ ತಪ್ಪನ್ನೇ ಕ್ಷಣಾರ್ಧದಲ್ಲಿ ಮುಟ್ಟಿಸುತ್ತದೆ. ಎಚ್ಚರದಿಂದ ಬರೆಯುವ ಕೈಗೆ ಬೆಲೆ ಎಂದಿಗೂ ಇದೆ. ಹೊಸ ಸಾಧನವೊಂದನ್ನು ತರುವಾಗ ಅದರ ವೆಚ್ಚ ಯಾರ ಹೆಗಲೇರುವುದೆಂದು ಕೇಳುವುದೂ ವಿವೇಕದ ಲಕ್ಷಣವೇ.