ಸಕ್ಕರೆ ರುಚಿಗಷ್ಟೇ ಅಲ್ಲ

ಪ್ರಶ್ನೆ: ಭೇದಿಯಾದಾಗ ನೀರಿಗೆ ಉಪ್ಪಿನ ಜೊತೆ ಸಕ್ಕರೆಯನ್ನೂ ಬೆರೆಸುವುದೇಕೆ? ಬರಿ ನೀರು ಸಾಲದೇ?

ಉತ್ತರ: ಸಾಲದು. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗಿರುತ್ತವೆ. ಅವನ್ನು ಮರಳಿ ಒಳಗೆ ಸೇರಿಸುವುದೇ ಕಷ್ಟದ ಕೆಲಸ. ಕರುಳಿನ ಪ್ರತಿ ಜೀವಕೋಶವನ್ನೂ ಕೊಬ್ಬಿನ ಅಣುಗಳ ಎರಡು ಪದರದ ಪೊರೆ ಸುತ್ತುವರಿದಿದೆ. ವಿದ್ಯುದಂಶ ಹೊತ್ತ ಸೋಡಿಯಂ ಅಯಾನು ನೀರಿನ ಅಣುಗಳನ್ನು ಮೈಗಂಟಿಸಿಕೊಂಡೇ ಓಡಾಡುತ್ತದೆ. ಆ ಜಿಡ್ಡನ್ನು ತಾನಾಗಿ ದಾಟಲಾರದು. ಅದಕ್ಕೆ ಪ್ರೋಟೀನಿನ ಬಾಗಿಲು ಬೇಕು. ಸಣ್ಣ ಕರುಳಿನ ಅಂಥ ಒಂದು ಬಾಗಿಲು ಎರಡು ಸೋಡಿಯಂ ಅಯಾನುಗಳನ್ನು ಸಕ್ಕರೆಯಿಂದ ಸಿಗುವ ಒಂದು ಗ್ಲೂಕೋಸ್ ಅಣುವಿನ ಜೊತೆಯಲ್ಲೇ ಒಳಬಿಡುತ್ತದೆ. ಅವು ಹೋದ ಕಡೆಗೆ ನೀರೂ ಹೋಗುತ್ತದೆ. ಈ ಜೋಡಿ ಸಾಗಾಟವನ್ನು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದರು.

ಸ್ವಾರಸ್ಯವೆಂದರೆ, ಕಾಲರಾ ವಿಷ ಕರುಳಿನಿಂದ ಕ್ಲೋರೈಡನ್ನೂ ನೀರನ್ನೂ ಧಾರಾಕಾರ ಹೊರಸುರಿಸಿದರೂ ಈ ಬಾಗಿಲನ್ನು ಮಾತ್ರ ಕೆಡಿಸದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇಷ್ಟು ಅಗ್ಗದ, ಇಷ್ಟು ದೊಡ್ಡ ಔಷಧ ನನಗಂತೂ ಬೇರೆ ನೆನಪಾಗದು.

ಅಳತೆ ಮುಖ್ಯ. ಇಂಥ ಮಿಶ್ರಣದ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಂಪು ಪಾನೀಯ ಬೇಡ: ಅದರ ಅತಿ ಸಕ್ಕರೆ ನೀರನ್ನು ತಿರುಗಿ ಕರುಳಿಗೇ ಎಳೆದು ಭೇದಿ ಹೆಚ್ಚಿಸುತ್ತದೆ.