ಮಸಾಲೆಯ ವಾಫಲ್ ಮತ್ತು ದ್ರಾಕ್ಷಿಯ ರಸಪಾಕ

ಅಡಿಗೆಯ ಸಂಗತಿಯನ್ನು ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಯೋಗ್ಯವೋ ಅಲ್ಲವೋ ಎಂದು ನಾವು ಕೆಲವು ದಿನ ಅನುಮಾನಿಸಿದೆವು. ಆದರೆ ಪೂರ್ವ ವಿದ್ಯಾರ್ಥಿನಿಯರ ಕೂಟಕ್ಕೆ ನಾವು ಮನಗೂಳಿಯಿಂದ ಮಾಡಿ ತಂದ ವಾಫಲ್ ಎಂಬ ಭಕ್ಷ್ಯವನ್ನು ತಿಂದ ತಾಯಂದಿರು ಅದರ ಕ್ರಮವನ್ನು ಬರೆದುಕೊಡಿರೆಂದು ಒತ್ತಾಯಪಡಿಸಿದ್ದರಿಂದ, ನಮಗೆ ತಿಳಿದ ಮಟ್ಟಿಗೆ ವಿವರಿಸುತ್ತೇವೆ.

ವಾಫಲ್ ಎಂದರೆ ಎರಡು ಕಬ್ಬಿಣದ ಹಲ್ಲೆಗಳ ನಡುವೆ ಹಿಟ್ಟನ್ನು ಹೊಯ್ದು, ಎರಡೂ ಮೈ ಕೂಡಿಯೇ ಬೇಯುವಂತೆ ಮಾಡಿದ ದಪ್ಪ ದೋಸೆ. ಅದರ ಮೇಲೆ ಚೌಕ ಚೌಕವಾದ ಗುಳಿಗಳಿರುತ್ತವೆ. ಈ ಹೆಸರು ಡಚ್ ಭಾಷೆಯದು. ಜೇನುಹುಟ್ಟು ಎಂಬರ್ಥದ ಹಳೆಯ ಶಬ್ದಕ್ಕೆ ಸಂಬಂಧಪಟ್ಟದ್ದು. ಮಧ್ಯಯುಗದ ಯೂರೋಪಿನಲ್ಲಿ ದೇವಾಲಯದ ಸಂಸ್ಕಾರಕ್ಕೆ ಬೇಕಾದ ತೆಳುವಾದ ರೊಟ್ಟಿಯನ್ನು ಉದ್ದ ಹಿಡಿಕೆಯ ಇಂಥ ಇಕ್ಕಳದಲ್ಲಿಯೇ ಸುಡುತ್ತಿದ್ದರು. ತರುವಾಯ ಅದೇ ಉಪಕರಣ ಮನೆಗಳ ಒಲೆಗೂ ಬಂದಿತು. ಒಲೆಯ ಮೇಲೆಯೇ ತಿರುವಿ ಹಾಕಬಹುದಾದ ಅಚ್ಚಿಗೆ ಅಮೇರಿಕದ ಕೊರ್ನೇಲಿಯಸ್ ಸ್ವಾರ್ಟ್‌ವೌಟ್ ಎಂಬವರು 1869ರಲ್ಲಿ ಹಕ್ಕುಪತ್ರ ಪಡೆದರು. ನಮ್ಮಲ್ಲಿರುವುದೂ ಒಲೆಯ ಮೇಲಿಡುವ ಅಚ್ಚೇ. ವಿದ್ಯುತ್ತಿನ ಅಚ್ಚು ಸುಲಭವೇನೋ ಹೌದು, ಆದರೆ ಕರೆಂಟು ಹೋದರೆ ಅರ್ಧ ಬೆಂದ ಹಿಟ್ಟು ಒಳಗೆ ಸಿಕ್ಕಿಕೊಳ್ಳುತ್ತದೆ.

ನಾವು ಈ ಕೆಲಸಕ್ಕೆ ಕೈ ಹಾಕಿದ್ದು ವಾಫಲ್ಲಿನ ಆಶೆಯಿಂದಲ್ಲ, ದ್ರಾಕ್ಷಿಯ ದೆಸೆಯಿಂದ. ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ಬೆಳೆ ಎಷ್ಟೆಂಬುದು ವಾಚಕಿಯರಿಗೆ ಗೊತ್ತೇ ಇದೆ. ಹಣ್ಣು ಕೊಯ್ಯುವ ಕಾಲದಲ್ಲಿ ಅಕಾಲ ಮಳೆ ಬಿದ್ದರೆ ಕಾಯಿ ಒಡೆಯುತ್ತದೆ. ಒಣಗಲು ಹಾಕಿದ್ದು ಕಪ್ಪಾಗುತ್ತದೆ. ಒಂದು ವರ್ಷ ಹೀಗೆಯೇ ಆಗಿ, ನಮ್ಮ ನೆರೆಯ ಅಕ್ಕನವರ ತೋಟದ ಹಣ್ಣನ್ನು ವ್ಯಾಪಾರದವರು ಮುಟ್ಟಲಿಲ್ಲ. ಅವರು ಎರಡು ಬುಟ್ಟಿ ತಂದು ನಮ್ಮ ಕಟ್ಟೆಯ ಮೇಲಿಟ್ಟು, “ದನಕ್ಕ ಹಾಕೂದಕ್ಕಿಂತ ನಿಮ್ಮ ಮಕ್ಕಳು ತಿನ್ನಲೆವ್ವಾ” ಎಂದರು. ಸಾಲ ಮಾಡಿ ಔಷಧ ಹೊಡೆದು ಬೆಳೆಸಿದ ಹಣ್ಣು ಅದು. ರಸಪಾಕ ಮಾಡುವುದರಿಂದ ಅವರ ನಷ್ಟ ತುಂಬಿತೆಂದು ನಾವು ಹೇಳಲಾರೆವು. ಎರಡು ಬುಟ್ಟಿ ಮಾತ್ರ ಹಾಳಾಗದೆ ಉಳಿಯಿತು.

ಅರ್ಧ ಕಿಲೋ ಬೀಜವಿಲ್ಲದ ದ್ರಾಕ್ಷಿಯನ್ನು ಹಲವು ಸಾರಿ ನೀರು ಬದಲಿಸಿ ತೊಳೆಯಬೇಕು. ಸ್ವಲ್ಪ ಒಡೆದ ಹಣ್ಣು ಅಂದೇ ಬೇಯಿಸುವುದಾದರೆ ಅಡ್ಡಿಯಿಲ್ಲ. ಬೂಷ್ಟು ಹಿಡಿದುದು ಒಂದೂ ಸೇರಕೂಡದು, ಅದು ಕುದಿಸಿದರೂ ಶುದ್ಧವಾಗದು. ಒಣದ್ರಾಕ್ಷಿಗಾಗಿ ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೋನೇಟಿನ ನೀರಿನಲ್ಲಿ ಅದ್ದಿದ ಹಣ್ಣನ್ನೂ ಇದಕ್ಕೆ ತೆಗೆದುಕೊಳ್ಳಬಾರದು. 75 ಗ್ರಾಂ ಬೆಲ್ಲವನ್ನು ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ ಸೋಸಿ, ಹಣ್ಣು ಹಾಕಿ, ಸಣ್ಣ ಉರಿಯಲ್ಲಿ ಸುಮಾರು 15 ನಿಮಿಷ ಬೇಯಿಸಿ ಸವಟಿನಿಂದ ಹಿಸುಕಬೇಕು. ಹುಳಿ ಪದಾರ್ಥವಾದ್ದರಿಂದ ಕಲಾಯಿಲ್ಲದ ತಾಮ್ರ, ಅಲ್ಯುಮಿನಿಯಂ ಪಾತ್ರೆ ಬೇಡ. ಹತ್ತು ಹನ್ನೆರಡು ದೋರೆಗಾಯಿ ಸೇರಿಸಿದರೆ ಪಾಕ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಯಾಕಂದರೆ ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಎಂಬ ಅಂಶ ಪೂರಾ ಮಾಗಿದ ಹಣ್ಣಿನಲ್ಲಿ ಕಡಿಮೆ. ಇಳಿಸಿದ ಮೇಲೆ ಅರ್ಧ ನಿಂಬೆಯ ರಸ ಹಿಂಡಬೇಕು. ಇಂಡಿಯ ನಿಂಬೆ ಇರುವ ನಾಡಿನಲ್ಲಿ ಸೀಸೆಯ ಹುಳಿ ಯಾತಕ್ಕೆ? ಹಸಿರು ದ್ರಾಕ್ಷಿಯ ಪಾಕದ ಬಣ್ಣ ಕಂದಾಗಿ ಅಷ್ಟು ಚೆಲುವಾಗಿ ಕಾಣದು, ರುಚಿಗೆ ಕೊರತೆಯಿಲ್ಲ. ಬಿಸಿಯಿರುವಾಗ ನೀರಾಗಿ ತೋರಿದರೂ ಆರಿದ ಮೇಲೆ ಗಟ್ಟಿಯಾಗುವುದು. ಬೆಲ್ಲ ಕಡಿಮೆಯಾದ್ದರಿಂದ ತಂಪುಪೆಟ್ಟಿಗೆಯಲ್ಲಿಯೂ ಐದಾರು ದಿನಕ್ಕಿಂತ ಹೆಚ್ಚು ಇಡಬಾರದು.

ಇನ್ನು ಹಿಟ್ಟು. 200 ಗ್ರಾಂ ಗೋದಿ ಹಿಟ್ಟಿಗೆ 50 ಗ್ರಾಂ ಬಿಳಿಜೋಳದ ಹಿಟ್ಟು ಸೇರಿಸುತ್ತೇವೆ. ಜೋಳದಲ್ಲಿ ಗೋದಿಯಂತೆ ಜಿಗುಟು ಇಲ್ಲವಾದ್ದರಿಂದ ಮೇಲ್ಮೈ ಗರಿಗರಿಯಾಗುತ್ತದೆ. ಹೆಚ್ಚಾದರೆ ಮಾತ್ರ ಅಚ್ಚಿನಿಂದ ತೆಗೆಯುವಾಗ ಒಡೆಯುವುದು. ಇದಕ್ಕೆ ಒಂದು ಸಣ್ಣ ಚಮಚ ದಾಲ್ಚಿನ್ನಿ ಪುಡಿ, ಅರ್ಧರ್ಧ ಚಮಚ ಒಣಶುಂಠಿ ಮತ್ತು ಯಾಲಕ್ಕಿ, ಎರಡು ಲವಂಗದ ಪುಡಿ, ಚಿಟಿಕೆ ಜಾಜಿಕಾಯಿ, ಅರ್ಧ ಚಮಚ ಉಪ್ಪು, ಮುಕ್ಕಾಲು ಚಮಚ ಅಡಿಗೆ ಸೋಡಾ. ಬೇರೆ ಪಾತ್ರೆಯಲ್ಲಿ 400 ಮಿಲಿಲೀಟರ್ ಹುಳಿ ಮಜ್ಜಿಗೆ, ಎರಡು ತತ್ತಿ, 60 ಗ್ರಾಂ ಕರಗಿದ ತುಪ್ಪ, ಎರಡು ದೊಡ್ಡ ಚಮಚ ಬೆಲ್ಲದ ಪುಡಿ ಕಲಸಿ, ಹಿಟ್ಟಿಗೆ ಸುರಿದು ಹಗುರಾಗಿ ಬೆರಸಬೇಕು. ಸಣ್ಣ ಗಂಟುಗಳು ಉಳಿದರೆ ಉಳಿಯಲಿ. ಬಹಳ ತಿರುವಿದರೆ ಗೋದಿಯ ಜಿಗುಟು ಬಲಿತು ಚರ್ಮದಂತಾಗುತ್ತದೆ. ತತ್ತಿ ಮುಟ್ಟದ ಮನೆಗಳಲ್ಲಿ ಅರ್ಧ ಬಟ್ಟಲು ಮೊಸರು ಹಾಕಬಹುದು, ಅಷ್ಟು ಹಗುರಾಗದು.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ದೋಸೆಯ ಅಭ್ಯಾಸದವರಾದ ನಾವು ಮೊದಲ ಸಾರಿ ಹಿಟ್ಟನ್ನು ರಾತ್ರಿಯೇ ಕಲಸಿಟ್ಟೆವು. ಬೆಳಿಗ್ಗೆ ಅವು ಹಲಗೆಯಂತೆ ಆದವು. ದೋಸೆಯ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲಾ ಕೆಲಸ ಮಾಡುತ್ತವೆ. ಸೋಡಾ ಮಾತ್ರ ಹುಳಿ ಮಜ್ಜಿಗೆ ತಾಕಿದೊಡನೆ ಗಾಳಿಯನ್ನು ಹೊರಡಿಸಿ ಬೇಗನೆ ತೀರಿಹೋಗುತ್ತದೆ. ಆದಕಾರಣ ಅಚ್ಚು ಕಾದ ಮೇಲೆಯೇ ಕಲಸತಕ್ಕದ್ದು.

ಅಚ್ಚಿನ ಎರಡೂ ಹಲ್ಲೆಗಳು ನೀರಿನ ಹನಿ ಚುರುಗುಟ್ಟಿ ಹಾರುವಷ್ಟು ಕಾದಿರಬೇಕು. ತುಪ್ಪ ಸವರಿ, ಮುಕ್ಕಾಲು ಭಾಗ ಹಿಟ್ಟು ಹೊಯ್ದು ಮುಚ್ಚಿ, ಎರಡೆರಡು ನಿಮಿಷಕ್ಕೆ ತಿರುವಬೇಕು. ಸಂದಿನಿಂದ ಉಗಿ ಬರುವುದು ನಿಲ್ಲುವ ತನಕ ತೆರೆಯಲೇಬಾರದು. ಒಳಗೆ ನೀರಿರುವಾಗ ತೆರೆದರೆ ಅರ್ಧ ಮೇಲಕ್ಕೂ ಅರ್ಧ ಕೆಳಕ್ಕೂ ಅಂಟಿ ಹರಿಯುತ್ತದೆ. ತೆಗೆದುದನ್ನು ಒಂದರ ಮೇಲೊಂದು ಪೇರಿಸದೆ ಜಾಳಿಗೆಯ ಮೇಲಿಡಬೇಕು. ಅಚ್ಚಿಲ್ಲದವರು ಪಡ್ಡಿನ ಹಂಚಿನಲ್ಲಿ ಇದೇ ಹಿಟ್ಟನ್ನು ಬೇಯಿಸಬಹುದು. ಅದು ವಾಫಲ್ ಆಗದು, ಆದರೂ ಮಕ್ಕಳು ಬಿಡುವುದಿಲ್ಲ.

ನೆರೆಯ ಅಕ್ಕನವರು ಮೊದಲು “ಇದೇನು ಸುಟ್ಟ ಜೇನುಹುಟ್ಟು” ಎಂದು ನಕ್ಕರು. ಮರು ವರ್ಷ ಮೋಡ ಕಟ್ಟುವ ಮುಂಚೆಯೇ ನಾಲ್ಕು ಕಿಲೋ ಒಳ್ಳೆಯ ಹಣ್ಣನ್ನು ಮನೆಯ ಪಾಕಕ್ಕೆಂದು ಕೊಯ್ದು ತೆಗೆದಿಟ್ಟರು.